ಪರೀಕ್ಷೆಯ ಕೋಣೆಗೆ ಹೋದ ಮೊರ

ತಮ್ಮ ತೀರಿಹೋದ ಮೇಲೆ ಮನೆಗೆ ಬಂದವರೆಲ್ಲ ನನಗೆ ಒಂದೇ ಮಾತು ಹೇಳಿದರು: "ನೀನೇ ಅವನ ಕಣ್ಣಾಗಿದ್ದೆ." ಬಂದವರಿಗೆ ಕಾಫಿ ಕೊಡಬೇಕು, ಎದುರು ಕೂತು ಕೇಳಬೇಕು, ತಲೆ ಆಡಿಸಬೇಕು. ನನಗೆ ಕೂರಲು ಆಗುತ್ತಿರಲಿಲ್ಲ. ಲೋಟ ತರುವ ನೆಪದಲ್ಲಿ ಏಳುತ್ತಿದ್ದೆ. ಒಳಗೆ ಹೋಗಿ ಯಾಕೆ ಬಂದೆ ಎಂದು ಮರೆತು ಹಿತ್ತಲಿಗೆ ಹೋಗುತ್ತಿದ್ದೆ, ಅಲ್ಲಿಂದ ರಸ್ತೆಗೆ. ತಮ್ಮನ ಹೆಂಡತಿ ಹಿಂದಿನಿಂದ ಬಂದು, "ಅತ್ತಿಗೆ, ಈ ಬಿಸಿಲಲ್ಲಿ ಎಂತ ಹುಡುಕ್ತಾ ಇದ್ದೀರಿ? ನಿಮಗೂ ಏನಾದರೂ ಆದರೆ ನಾನು ಯಾರ ಮುಖ ನೋಡಲಿ?" ಎಂದು ಕೈ ಹಿಡಿದು ಕರೆತರುತ್ತಿದ್ದಳು.

ಕಣ್ಣಾಗಿದ್ದೆ ಎನ್ನುವ ಮಾತು ನನಗೆ ಸರಿಬರುವುದಿಲ್ಲ. ಯಾರ ಹತ್ತಿರವಾದರೂ ಒಂದು ಜೊತೆ ಕಣ್ಣು ಸಾಲ ತೆಗೆದರೆ ಅವನ ಕಷ್ಟ ಮುಗಿಯಿತು ಎಂದು ಒಂದು ಕಾಲದಲ್ಲಿ ನಾವೆಲ್ಲ ತಿಳಿದಿದ್ದೆವು, ಮನೆಯವರೂ ಕಾಲೇಜಿನವರೂ. ಪಿ.ಯು.ಸಿ. ಪರೀಕ್ಷೆಯ ಮೊದಲ ದಿನ ಹಾಗಲ್ಲ ಎಂದು ಗೊತ್ತಾಯಿತು. ಬಂದವರಿಗೆ ಅದನ್ನೆಲ್ಲ ಹೇಳಿಕೊಂಡು ಕೂರಲು ಆಗುವುದಿಲ್ಲ. ಇಲ್ಲಿ ಬರೆಯುತ್ತೇನೆ.

ಅಪ್ಪ ಕೊಡಗಿನ ನಾಪೋಕ್ಲಿನಿಂದ ಆಚೆ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಕಾಫಿಹಣ್ಣಿನ ಪಿಕ್ಕಿಂಗಿನ ತೂಕ ಬರೆಯುವ ಕೆಲಸ. ಆಳುಗಳ ಲೈನುಮನೆಗಳಿಂದ ಸ್ವಲ್ಪ ಮೇಲೆ ನಮ್ಮ ಕ್ವಾರ್ಟರ್ಸು. ಮನೆಯಲ್ಲಿ ಅರೆಭಾಷೆ ಆಡುತ್ತಿದ್ದೆವು. ಆ ಮಾತುಗಳನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೈಸ್ಕೂಲು ದೂರ, ಅವ್ವನಿಗೆ ಕೈಗೆ ಜನ ಬೇಕಿತ್ತು, ಬಿಡಿಸಿದರು. ತಮ್ಮನಿಗೆ ಚಿಕ್ಕಂದಿನಿಂದ ಇರುಳುಗುರುಡು. ಸಂಜೆಯಾದರೆ ಗೋಡೆ ಸವರಿಕೊಂಡು ನಡೆಯುತ್ತಿದ್ದ. ಆಮೇಲೆ ಹಗಲೂ ಕಿರಿದಾಗುತ್ತಾ ಬಂತು. ಹೈಸ್ಕೂಲಿನ ಕೊನೆಯ ವರ್ಷ ಪುಸ್ತಕವನ್ನು ಬಿಸಿಲಿಗೆ ಹಿಡಿದು ಮೂಗು ತಾಗಿಸಿ ಓದುತ್ತಿದ್ದ. ಎಸ್.ಎಸ್.ಎಲ್.ಸಿ. ಪಾಸಾಗುವ ಹೊತ್ತಿಗೆ ಅದೂ ಹೋಯಿತು. ಮಂಗಳೂರಿನ ಡಾಕ್ಟರರು ನೋಡಿ, ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ ಎಂದು ಕಳಿಸಿದರು.

ಆ ಸುದ್ದಿ ಕೇಳಿ ಸಂಪಾಜೆಯಿಂದ ಮಾವ ಬಂದರು, ಅವ್ವನ ಅಣ್ಣ. ಘಾಟಿ ರಸ್ತೆಯ ಬದಿಯಲ್ಲಿ ಅವರ ಅಂಗಡಿ. ಒಳ್ಳೆಯ ಮನುಷ್ಯ. ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದರು:

"ಭಾವ, ಇವನನ್ನು ನನಗೆ ಕೊಡಿ. ಅಂಗಡಿ ಜಗಲಿಯಲ್ಲಿ ಕೂತು ವೀಳ್ಯದೆಲೆ ಕಟ್ಟು ಕಟ್ಟಲಿ. ಎಲೆ ಎಣಿಸಲಿಕ್ಕೆ ಕಣ್ಣು ಬೇಡ. ಊಟ ನನ್ನದು, ಬಟ್ಟೆ ನನ್ನದು. ನಾನಿರುವವರೆಗೆ ಯೋಚನೆ ಬೇಡ."

ಅವ್ವನ ಕಣ್ಣಲ್ಲಿ ನೀರು ಬಂತು, ಸಮಾಧಾನದ ನೀರು. ಮಾವ ಕೈ ತೊಳೆಯಲು ಹೋದಾಗ ತಮ್ಮ ನನ್ನ ಸೆರಗು ಜಗ್ಗಿ, "ಅಕ್ಕ, ಆ ಜಗಲಿಯಲ್ಲಿ ಒಮ್ಮೆ ಕೂರಿಸಿದರೆ ನಾನು ಮತ್ತೆ ಏಳುವುದಿಲ್ಲ" ಅಂದ. ಅಪ್ಪನಿಗೂ ಅದು ಕೇಳಿಸಿತು. ಅವರು ಮಾವನಿಗೆ ಇಲ್ಲ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಮಡಿಕೇರಿಯ ಕಾಲೇಜಿನಲ್ಲಿ ಒಂದು ವರ್ಷ ಪಿ.ಯು.ಸಿ. ಓದಲಿ, ಪಾಸಾದರೆ ಬಿ.ಎ., ಫೇಲಾದರೆ ಸಂಪಾಜೆ. ಹಾಗೆಂದು ಮಾತಾಯಿತು.

ಸೇರಿಸಲು ಹೋದಾಗ ಪ್ರಿನ್ಸಿಪಾಲರು ಬಾಗಿಲ ಬಳಿ ನಿಂತಿದ್ದ ತಮ್ಮನನ್ನು ನೋಡಿದರು. "ಕ್ಲಾಸಿನಲ್ಲಿ ಕೂರಿಸುವುದು ನನ್ನ ಕೈಯಲ್ಲಿದೆ. ಪರೀಕ್ಷೆ ನನ್ನ ಕೈಯಲ್ಲಿಲ್ಲ. ಇವನು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೂರಿಸಬೇಕಾದರೆ ಮೇಲಿನಿಂದ ಅಪ್ಪಣೆ ಬರಬೇಕು" ಅಂದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಯಾವ ಕಾಗದ ಎಲ್ಲಿಗೆ ಹೋಗಬೇಕು ಎಂದು ಆಫೀಸಿನವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಗುಮಾಸ್ತರು ಅಪ್ಪನಿಗೆ, "ಮೊದಲಾದರೆ ಈ ಗುಡ್ಡ ಇಳಿಯದೆ ಎಲ್ಲಾ ಆಗ್ತಿತ್ತು ರೈಟ್ರೇ. ಈಗ ಕೆಮ್ಮಲಿಕ್ಕೂ ಮೈಸೂರಿಗೆ ಬರೆದು ಕೇಳಬೇಕು" ಎಂದು ನಕ್ಕರಂತೆ.

ತಮ್ಮ ಆ ದಾರಿಯ ಹುಡುಗರ ಭುಜ ಹಿಡಿದು ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಕಾಲೇಜಿನಲ್ಲಿ ಮುಂದಿನ ಬೆಂಚು ಕೊಟ್ಟರು. ಬೋರ್ಡಿನ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳಬೇಕೆಂದು ಪ್ರಿನ್ಸಿಪಾಲರು ಮೇಷ್ಟ್ರುಗಳಿಗೆ ಹೇಳಿದರು. ಕೆಲವರು ಹೇಳುತ್ತಿದ್ದರು. ಒಬ್ಬರು ಮಾತ್ರ ಬೋರ್ಡಿಗೆ ಕೋಲು ಕುಟ್ಟಿ "ಇದು ಹೀಗೆ, ಅದು ಹಾಗೆ, ತಿಳೀತಾ?" ಎಂದು ಮುಗಿಸುತ್ತಿದ್ದರಂತೆ. ತಮ್ಮ ಮನೆಗೆ ಬಂದು, "ಅಕ್ಕ, ಇವತ್ತು ಇದು ಹೀಗೆ, ಅದು ಹಾಗೆ. ಬರೆದಿಟ್ಟುಕೋ" ಎನ್ನುತ್ತಿದ್ದ.

ಓದು ನಡೆಯುತ್ತಿದ್ದುದು ಮನೆಯಲ್ಲಿ. ಎಸ್ಟೇಟಿನ ಸಾಹುಕಾರರ ಮನೆಯ ಖರ್ಚಿಗೆ ಇಟ್ಟ ಕಾಫಿಯನ್ನು ಹಸನು ಮಾಡಿ ಕೊಡುವುದು ಅವ್ವನ ಪಾಲಿನ ಕೆಲಸವಾಗಿತ್ತು. ಅವ್ವ ಒಲೆಯ ಹತ್ತಿರ, ನಾವಿಬ್ಬರು ಬಾಗಿಲ ಬಳಿ. ತಮ್ಮನ ಮಡಿಲಲ್ಲಿ ಮೊರ, ಮೊರದಲ್ಲಿ ಕಾಫಿಬೀಜ. ಕಲ್ಲು, ಒಡಕು, ಸಿಪ್ಪೆ ಎಲ್ಲ ಅವನ ಬೆರಳಿಗೆ ತಿಳಿಯುತ್ತಿತ್ತು. ಕೆಟ್ಟ ಬೀಜ ನನ್ನ ಕಣ್ಣಿಗೆ ಕಪ್ಪು, ಅವನ ಬೆರಳಿಗೆ ಸುಕ್ಕು. ನಾನು ಪುಸ್ತಕ ಹಿಡಿದು ಓದುತ್ತಿದ್ದೆ. ಇಂಗ್ಲಿಷಿನಲ್ಲಿ ನನಗೆ ಬಾಯಿ ತಿರುಗದ ಶಬ್ದ ಬಂದರೆ ಅಕ್ಷರ ಅಕ್ಷರ ಹೇಳುತ್ತಿದ್ದೆ, ಅವನು ಜೋಡಿಸಿಕೊಂಡು "ಮುಂದೆ" ಅನ್ನುತ್ತಿದ್ದ. ಬಾಯಿಪಾಠ ಮಾಡಿದ್ದನ್ನು ನಾನು ಕಾಣೆ. ಬೆರಳು ಆಡುತ್ತಿತ್ತು, ಬೀಜ ಮೊರದ ಅಂಚಿಗೆ ಸರಿಯುತ್ತಿತ್ತು, ಅಷ್ಟೇ. ಕೇಳಿದರೆ ಪಾಠ ಬರುತ್ತಿತ್ತು. ಕಾಫಿ ಮುಗಿದರೆ ಅಕ್ಕಿ, ಅಕ್ಕಿ ಮುಗಿದರೆ ಒಳ್ಳೆಮೆಣಸಿನ ಕಾಳು. ಅವ್ವ ಹೇಳುತ್ತಿದ್ದಳು:

"ಇವನು ಓದಿ ಏನಾಗ್ತಾನೋ ಗೊತ್ತಿಲ್ಲ. ನನ್ನ ಅಕ್ಕಿಯಲ್ಲಿ ಮಾತ್ರ ಒಂದು ಕಲ್ಲಿಲ್ಲ."

"ಅವ್ವ, ನಿನ್ನ ಅನ್ನ ತಿಂದು ಹಲ್ಲು ಉಳಿದದ್ದು ಚರಿತ್ರೆ ಪುಸ್ತಕದಿಂದ" ಎನ್ನುತ್ತಿದ್ದ ಅವನು.

ಪರೀಕ್ಷೆ ಹತ್ತಿರ ಬಂದರೂ ಅಪ್ಪಣೆ ಬರಲಿಲ್ಲ. ಅಪ್ಪ ಪ್ರತಿ ವಾರ ಕಾಲೇಜಿಗೆ ಹೋಗಿ ಬರುತ್ತಿದ್ದರು. ಬಂದವರು ಬೂಟು ಬಿಚ್ಚುತ್ತಿದ್ದರು. ನಾನು ನೀರು ಕೊಟ್ಟು ಮುಖ ನೋಡುತ್ತಿದ್ದೆ. ತಮ್ಮ ಮೊರ ಕೆಳಗಿಟ್ಟು ಕಿವಿ ಕೊಡುತ್ತಿದ್ದ. ಮಾವ ಜಗಲಿಗೆ ಹೊಸ ಚಾಪೆ ಹಾಕಿಸಿದ ಸುದ್ದಿಯೂ ಬಂತು.

ಕೊನೆಗೆ ಬಂದ ಅಪ್ಪಣೆಯಲ್ಲಿ ಒಂದು ಷರತ್ತಿತ್ತು. ಬರೆಯುವವರು ಪರೀಕ್ಷೆಗೆ ಕೂತವನಿಗಿಂತ ಕಡಿಮೆ ಓದಿರಬೇಕು. ಇಲ್ಲವಾದರೆ ತಾವೇ ಉತ್ತರ ಸೇರಿಸಿಯಾರು. ಬೇರೆ ಕೋಣೆ, ಒಬ್ಬ ಮೇಲ್ವಿಚಾರಕರು. ಹೆಚ್ಚಿನ ಸಮಯದ ಮಾತೇ ಇರಲಿಲ್ಲ. ಅಪ್ಪ ನನ್ನ ಕಡೆ ತಿರುಗಿ, "ನೀನು ಎಂಟಕ್ಕೆ ನಿಂತದ್ದು ಒಳ್ಳೆಯದಾಯಿತು ನೋಡು" ಅಂದರು. ಖುಷಿಯಿಂದಲೇ ಅಂದದ್ದು. ನಾನು ಒಳಗೆ ಹೋಗಿ ಆಗಲೇ ಒಣಗಿದ್ದ ಬಟ್ಟೆಯನ್ನು ಮತ್ತೆ ಹಿಂಡಿದೆ.

ಕಡಿಮೆ ಓದಿದ್ದೇನೆ ಎಂದು ಶಾಲೆಯಿಂದ ಬರೆಸಿ ತರಬೇಕಿತ್ತು. ಹಳೆಯ ಹೆಡ್‌ಮಾಸ್ಟರು ಕನ್ನಡಕ ಏರಿಸಿ, "ಇಷ್ಟು ಓದಿದ್ದೇನೆ ಅಂತ ಬರೆಸಲಿಕ್ಕೆ ಬರ್ತಾರೆ ತಾಯಿ. ಇಷ್ಟೇ ಓದಿದ್ದು ಅಂತ ಬರೆಸಲಿಕ್ಕೆ ಬಂದವಳು ನೀನೇ ಮೊದಲು" ಎಂದು ನಕ್ಕರು. ಬರೆದುಕೊಡುವಾಗ ನಗು ನಿಂತಿತ್ತು. "ನಿನ್ನನ್ನು ಬಿಡಿಸಬೇಡಿ ಅಂತ ನಿನ್ನ ಅಪ್ಪನಿಗೆ ಹೇಳಿದ್ದೆ" ಅಂದರು. ಅದು ನನಗೆ ಗೊತ್ತಿರಲಿಲ್ಲ.

ಮೊದಲ ದಿನ ಇಂಗ್ಲಿಷು. ನಕಾಶೆಗಳನ್ನು ಸುತ್ತಿ ಇಟ್ಟಿದ್ದ ಒಂದು ಸಣ್ಣ ಕೋಣೆ ಕೊಟ್ಟಿದ್ದರು. ಮೇಲ್ವಿಚಾರಕರು ಮೈಸೂರು ಕಡೆಯಿಂದ ಹೊಸತಾಗಿ ವರ್ಗವಾಗಿ ಬಂದ ಗಣಿತದ ಮೇಷ್ಟ್ರು, ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಕೋಟು. ನಾನು ಪ್ರಶ್ನೆ ಓದಿದೆ. ತಮ್ಮ, "ಇನ್ನೊಮ್ಮೆ" ಅಂದ. ಇನ್ನೊಮ್ಮೆ ಓದಿದೆ.

"ಗೊತ್ತಿಲ್ವಾ?" ಅಂದೆ ಮೆಲ್ಲಗೆ.

"ಮಾತಾಡಬಾರದು. ಪ್ರಶ್ನೆ ಮಾತ್ರ ಓದಿ" ಎಂದರು ಮೇಷ್ಟ್ರು.

ತಮ್ಮನ ಎರಡು ಕೈಯೂ ಮೇಜಿನ ಮೇಲೆ ಆಡುತ್ತಿದ್ದವು. ಮೇಜಿನ ಬಿರುಕು ಸವರಿದ, ಅಂಚು ಸವರಿದ, ತನ್ನ ಅಂಗಿಯ ಗುಂಡಿ ಹಿಡಿದು ತಿರುಗಿಸಿದ. ಒಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದ, ಅದನ್ನೇ ಬೇರೆ ತರಹ ಹೇಳುತ್ತಿದ್ದ, ಅಳಿಸು ಅನ್ನುತ್ತಿದ್ದ. ಬೆವರು ಇಳಿದು ಕಾಲರ್ ಒದ್ದೆಯಾಯಿತು. ಅವನಿಗೆ ಆ ಪಾಠಗಳು ಬರುತ್ತವೆ ಎಂದು ನನಗೆ ಗೊತ್ತಿತ್ತು, ಓದಿದವಳೇ ನಾನು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಗಂಟೆ ಹೊಡೆದಾಗ ಅರ್ಧಕ್ಕಿಂತ ಹೆಚ್ಚು ಕಾಗದ ಖಾಲಿ.

ಬಸ್‌ಸ್ಟ್ಯಾಂಡಿಗೆ ಇಳಿಯುವಾಗ ಅವನು ನನ್ನ ಭುಜ ಹಿಡಿದಿದ್ದ. ಬಸ್ಸು ಹತ್ತುವ ಮೊದಲು ನಿಂತ.

"ಅಕ್ಕ, ಕೈ ಖಾಲಿ ಇದ್ದರೆ ನನಗೆ ಏನೂ ಬರುವುದಿಲ್ಲ. ನೀನು ಓದಿದ್ದೆಲ್ಲ ಮೊರದಲ್ಲೇ ಉಳಿದಿದೆ ಅನ್ನಿಸ್ತದೆ."

"ಹುಚ್ಚಾ ನಿನಗೆ?"

"ಹುಚ್ಚೇ ಇರಲಿ. ನಾಳೆಯೇ ಚರಿತ್ರೆ. ಹೀಗೇ ಆದರೆ ಸಂಪಾಜೆ."

ಮನೆಗೆ ಬಂದು ನೋಡಿದೆವು. ಮಡಿಲಿಗೆ ಮೊರ ಇಟ್ಟು ಅವತ್ತಿನ ಪ್ರಶ್ನೆಗಳನ್ನೇ ಓದಿದೆ. ಕಲ್ಲು ಹೆಕ್ಕುತ್ತಾ ಎಲ್ಲ ಹೇಳಿದ, ನಿಲ್ಲಿಸದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಅಪ್ಪ ಗೋಡೆಗೆ ಒರಗಿ ನಿಂತು ಕೇಳಿದರು. ಆಮೇಲೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮೊರ ತೆಗೆದುಕೊಂಡು ಹೋಗಲು ಬಿಡುತ್ತಾರೋ ಇಲ್ಲವೋ ಎಂದು ಕೇಳಲು ನಡುವೆ ಸಮಯವಿರಲಿಲ್ಲ. ಹಿಡಿದುಕೊಂಡೇ ಹೋಗುವುದು ಎಂದಾಯಿತು. ಹೊರಡುವಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು: "ಖಾಲಿ ಮೊರ ಹಿಡಿದು ಹೊಸಿಲು ದಾಟಬೇಡ. ಒಳ್ಳೆಯದಲ್ಲ." ನಾವು ಒಯ್ಯಲು ಕಟ್ಟಿದ್ದ ಚೀಲದ ಬೀಜದಲ್ಲಿ ಒಂದು ಹಿಡಿ ತೆಗೆದು ಮೊರಕ್ಕೆ ಹಾಕಿ, ಮೇಲೆ ಬಟ್ಟೆ ಮುಚ್ಚಿ ಕಟ್ಟಿದಳು.

ಬಸ್ಸಿನಲ್ಲಿ ಕಂಡಕ್ಟರು, "ಮೊರ ಹೊತ್ತುಕೊಂಡು ಎಲ್ಲಿಗೆ, ಸಂತೆಗಾ?" ಅಂದ.

"ಪರೀಕ್ಷೆಗೆ."

"ಎಂತ ಪರೀಕ್ಷೆ ಮಾರಾಯ್ತಿ, ಅಡುಗೆಯದ್ದಾ?"

ಎಲ್ಲರೂ ನಕ್ಕರು. ತಮ್ಮನೂ ನಕ್ಕ. ನಾನು ಕಿಟಕಿ ಮುಚ್ಚಿದೆ, ತೆಗೆದೆ, ಮತ್ತೆ ಮುಚ್ಚಿದೆ.

ನಕಾಶೆಯ ಕೋಣೆಯಲ್ಲಿ ಬಟ್ಟೆ ಬಿಚ್ಚುತ್ತಿದ್ದಂತೆ ಗಣಿತದ ಮೇಷ್ಟ್ರು ಎದ್ದು ನಿಂತರು.

"ಏನಮ್ಮಾ ಇದು? ಪರೀಕ್ಷೆ ಬರೆಯೋಕೆ ಬಂದ್ರಾ, ಅಂಗಡಿ ಇಡೋಕೆ ಬಂದ್ರಾ?"

ತಮ್ಮ ವಿವರಿಸಿದ. ಮೇಷ್ಟ್ರು ಒಪ್ಪಲಿಲ್ಲ. "ಬೀಜದಲ್ಲಿ ಗುರುತು ಮಾಡಿ ತಂದಿದ್ರೆ? ಒಡೆದದ್ದು ಒಂದು ಉತ್ತರ, ಇಡೀದು ಇನ್ನೊಂದು ಉತ್ತರ. ನಾನು ಹೇಗೆ ಕಂಡುಹಿಡಿಯಲಿ? ನಾಳೆ ಯಾರಾದರೂ ಕೇಳಿದರೆ ನನ್ನ ಕೆಲಸ ಹೋಗುತ್ತೆ." ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗಂಟೆ ಆಗಲೇ ಹೊಡೆದಿತ್ತು. ಪ್ರಶ್ನೆಪತ್ರಿಕೆ ಮೇಜಿನ ಮೇಲೆ ಮಡಿಸಿದ ಹಾಗೇ ಇತ್ತು. ನಾನು ಪ್ರಿನ್ಸಿಪಾಲರ ಕೋಣೆಗೆ ಓಡಿದೆ. ಹಾಗೆ ಕಾಲೇಜಿನ ವರಾಂಡದಲ್ಲಿ ಹೆಣ್ಣುಮಗಳೊಬ್ಬಳು ಓಡಬಾರದು ಎಂದು ಆಮೇಲೆ ಯಾರೋ ಅಪ್ಪನಿಗೆ ಹೇಳಿದರಂತೆ.

ಪ್ರಿನ್ಸಿಪಾಲರು ಬಂದು ಎರಡೂ ಕಡೆ ಕೇಳಿದರು. ಮೊರದೊಳಗೆ ಕೈ ಆಡಿಸಿ ಸ್ವಲ್ಪ ಯೋಚಿಸಿದರು. "ಇವರು ತಂದ ಬೀಜ ಬೇಡ. ಪೇಟೆಯಿಂದ ತರಿಸೋಣ. ಆಗ ಗುರುತಿನ ಪ್ರಶ್ನೆಯೇ ಇಲ್ಲ, ಅಲ್ಲವಾ?" ಅಂದರು. ಮೇಷ್ಟ್ರು ತಲೆಯಾಡಿಸಿದರು. ಜವಾನನ ಕೈಗೆ ದುಡ್ಡು ಕೊಟ್ಟು, "ಹುರಿಯದ ಕಾಫಿಬೀಜ, ಒಂದು ಸೇರು, ಬೇಗ" ಎಂದು ಓಡಿಸಿದರು.

ಜವಾನ ಬರುವವರೆಗೆ ನಾನು ಬಾಗಿಲಿಗೆ, ಬಾಗಿಲಿನಿಂದ ಮೇಜಿಗೆ ನಡೆಯುತ್ತಿದ್ದೆ. ಪ್ರಶ್ನೆ ಓದಿ ಮುಗಿಸಿದ್ದೆ. ತಮ್ಮ ಒಂದು ಉತ್ತರ ಶುರು ಮಾಡಿ ಬಿಟ್ಟ. ಹೊರಗೆ ದೊಡ್ಡ ಹಾಲಿನಲ್ಲಿ ನೂರಾರು ಪೆನ್ನು ಓಡುತ್ತಿವೆ ಎನ್ನುವುದೇ ನನ್ನ ತಲೆಯಲ್ಲಿ.

ಜವಾನ ಏದುಸಿರು ಬಿಡುತ್ತಾ ಬಂದ, ಮುಖ ಅರಳಿಸಿಕೊಂಡು. "ಪ್ರಿನ್ಸಿಪಾಲರಿಗೆ ಅಂದ ಕೂಡಲೇ ಅಂಗಡಿಯವರು ಒಳಗಿನ ಚೀಲದಿಂದ ತೆಗೆದು ಕೊಟ್ರು ಸಾರ್! ಪರದೇಶಕ್ಕೆ ಹೋಗುವ ಮಾಲು. ಒಂದು ಕಸ ಇಲ್ಲ!"

ಮೊರಕ್ಕೆ ಸುರಿದರು. ತಮ್ಮ ಬೆರಳು ಇಟ್ಟ. ಈ ಕಡೆ ಸರಿಸಿದ, ಆ ಕಡೆ ಸರಿಸಿದ. ಮುಖ ಕಳೆಗುಂದಿತು.

"ಸಾರ್, ಇದರಲ್ಲಿ ಆರಿಸಲಿಕ್ಕೆ ಎಂತದೂ ಇಲ್ಲ."

ಪ್ರಿನ್ಸಿಪಾಲರಿಗೆ ಅರ್ಥವಾಗಲಿಲ್ಲ. "ಒಳ್ಳೆಯ ಬೀಜವೇ ಅಲ್ಲವಾ ಮತ್ತೆ?" ಅಂದರು. ಜವಾನನಿಗೆ ಬೇಸರವಾಯಿತು. ಎಲ್ಲ ಒಂದೇ ಗಾತ್ರದ, ಒಂದೇ ನುಣುಪಿನ ಬೀಜ. ಅವನ ಬೆರಳಿಗೆ ನಿಲ್ಲಲು ಜಾಗವಿಲ್ಲ. ಅದನ್ನು ಅವರಿಗೆ ಹೇಗೆ ಹೇಳುವುದು? ನಾನು ಬಾಯಿ ತೆರೆಯುವುದರೊಳಗೆ ಗಣಿತದ ಮೇಷ್ಟ್ರು ಹೊರಗೆ ಹೋದರು. ಸಿಟ್ಟಿನಿಂದ ಎದ್ದು ಹೋದರು, ಎಲ್ಲ ಮುಗಿಯಿತು ಎಂದುಕೊಂಡೆ. ಕಿಟಕಿಯಿಂದ ನೋಡಿದರೆ ಅವರು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ, ಕೋಟಿನ ತುದಿ ಮಣ್ಣಿಗೆ ತಾಗುತ್ತಿದೆ. ಬೊಗಸೆ ತುಂಬ ಸಣ್ಣ ಜಲ್ಲಿ, ಒಣ ಎಲೆಯ ಚೂರು ಬಾಚಿಕೊಂಡು ಬಂದು ಮೊರಕ್ಕೆ ಸುರಿದು, ಚೆನ್ನಾಗಿ ಕಲಸಿದರು.

"ನನ್ನ ಕೈಯಾರೆ ಹಾಕಿದ ಕಲ್ಲು. ಇದರಲ್ಲಿ ಯಾವ ಗುರುತೂ ಇಲ್ಲ ಅಂತ ನಾನೇ ಹೇಳ್ತೀನಿ. ಆರಿಸಪ್ಪಾ" ಅಂದರು.

ತಮ್ಮ ಒಂದು ಕಲ್ಲು ಹೆಕ್ಕಿ ಅಂಚಿಗೆ ಇಟ್ಟ. ಇನ್ನೊಂದು. "ಅಕ್ಕ, ಮೂರನೇ ಪ್ರಶ್ನೆಯಿಂದ ಶುರು ಮಾಡು" ಅಂದ.

ಆಮೇಲೆ ನಾನು ತಲೆ ಎತ್ತಿದ್ದೇ ಇಲ್ಲ. ಅವನ ಮಾತಿಗೆ ನನ್ನ ಕೈ ಸಾಲುತ್ತಿರಲಿಲ್ಲ. ನಿಲ್ಲು ಎಂದರೆ ನಿಲ್ಲುತ್ತಿದ್ದ, ಬೆರಳು ಮಾತ್ರ ನಿಲ್ಲಿಸುತ್ತಿರಲಿಲ್ಲ. ಕಲ್ಲು ಮುಗಿಯಿತು ಎನ್ನುವಾಗ ಮೇಷ್ಟ್ರು ಆರಿಸಿದ್ದನ್ನೇ ಮತ್ತೆ ಮೊರಕ್ಕೆ ತಳ್ಳಿ ಕಲಸುತ್ತಿದ್ದರು. ಉಳಿದ ಪರೀಕ್ಷೆಗಳಿಗೆಲ್ಲ ಅವರೇ ಬಂದು, ಗಂಟೆ ಹೊಡೆಯುವ ಮೊದಲೇ ಅಂಗಳದಿಂದ ಜಲ್ಲಿ ತಂದು ಇಟ್ಟುಕೊಂಡಿರುತ್ತಿದ್ದರು. ನಮ್ಮ ಜೊತೆ ಬೇರೆ ಮಾತು ಆಡಿದವರಲ್ಲ.

ಆ ಬೇಸಿಗೆ ಬಹಳ ಉದ್ದವಾಗಿತ್ತು. ಇಂಗ್ಲಿಷಿನ ಖಾಲಿ ಹಾಳೆಗಳು ನನ್ನ ಕಣ್ಣಮುಂದೆ ಬರುತ್ತಿದ್ದವು. ಕಾಲೇಜಿನ ಗೋಡೆಗೆ ಫಲಿತಾಂಶ ಅಂಟಿಸಿದ ದಿನ ಅಪ್ಪ ಒಬ್ಬರೇ ಹೋದರು. ಸಂಜೆ ಬಸ್ಸಿನಿಂದ ಇಳಿದು ಏರು ಹತ್ತಿ ಬರುವಾಗ ಮುಖ ನೋಡಿ ಏನೂ ತಿಳಿಯಲಿಲ್ಲ. ಬೂಟು ಬಿಚ್ಚಿದರು. "ಥರ್ಡ್ ಕ್ಲಾಸು" ಅಂದರು. "ಇಂಗ್ಲಿಷಿನಲ್ಲಿ ಕೂದಲೆಳೆಯಲ್ಲಿ ಪಾರು." ಅವ್ವ, ಪಾಸಾ ಫೇಲಾ ಅದನ್ನು ಹೇಳಿ ಎಂದು ಕಿರುಚಿದಳು. ಮಾವನಿಗೆ ಕಾಗದ ಹೋಯಿತು. ಅವರು ಬಂದು ತಮ್ಮನ ಬೆನ್ನು ತಟ್ಟಿ, "ಹೋಗಲಿ ಬಿಡು, ಎಲೆ ಕಟ್ಟಲಿಕ್ಕೆ ಬೇರೆ ಯಾರನ್ನಾದರೂ ನೋಡ್ತೇನೆ" ಅಂದರು. ಸ್ವಲ್ಪ ಬೇಸರ ಇತ್ತು ಅವರಿಗೆ, ನಿಜವಾಗಿ.

ಮಾವ ಹೋದ ಮೇಲೆ ತಮ್ಮ ಎಲ್ಲರೆದುರೇ ಹೇಳಿದ:

"ಬರೆಯುವವರು ನನಗಿಂತ ಕಡಿಮೆ ಓದಿರಬೇಕು. ಈಗ ನಾನು ಪಿ.ಯು.ಸಿ. ಪಾಸು. ಅಕ್ಕ ಎಸ್.ಎಸ್.ಎಲ್.ಸಿ. ಮಾಡಿದರೂ ಕಡಿಮೆಯೇ ಆಯಿತಲ್ಲ."

"ಇವಳಿಗೆ ಗಂಡು ನೋಡ್ತಾ ಇದ್ದೇವೆ" ಎಂದಳು ಅವ್ವ.

"ನೋಡಿ. ಬಿ.ಎ. ಮುಗಿಯುವವರೆಗೆ ಬರೆಯುವವರು ಬೇಕಲ್ಲ ನನಗೆ. ಅಲ್ಲಿಯವರೆಗೆ ಅವಳು ಓದಲಿ."

ಅಪ್ಪ ನನ್ನನ್ನು ನೋಡಿದರು, ಬೇಡ ಎನ್ನಲಿಲ್ಲ. ಅವನ ಬಿ.ಎ. ಪುಸ್ತಕದ ನಡುವೆ ನನ್ನ ಪುಸ್ತಕವನ್ನೂ ಗಟ್ಟಿಯಾಗಿ ಓದುತ್ತಿದ್ದೆ. ತಪ್ಪಿದಲ್ಲಿ ಅವನು ತಿದ್ದುತ್ತಿದ್ದ. ಖಾಸಗಿಯಾಗಿ ಹಣ ಕಟ್ಟಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂತೆ. ಪ್ರಶ್ನೆ ನೋಡಿದೆ, ಉತ್ತರ ಬರುತ್ತಿತ್ತು. ಪೆನ್ನು ಹಿಡಿದು ಕಾಯುತ್ತಾ ಕೂತುಬಿಟ್ಟೆ. ಯಾರಾದರೂ ಹೇಳಬೇಕು, ಆಮೇಲೆ ನಾನು ಬರೆಯಬೇಕು, ಅಭ್ಯಾಸ ಹಾಗಾಗಿತ್ತು. ಬಾಯಲ್ಲಿ ಗುಣುಗುಣು ಹೇಳಿಕೊಂಡು ಬರೆಯಲು ತೊಡಗಿದೆ. ಮೇಲ್ವಿಚಾರಕರು ಬಂದು, "ಬಾಯಿ ಮುಚ್ಚಿ ಬರೆಯಮ್ಮ" ಎಂದು ಗದರಿದರು. ಮುಚ್ಚಿ ಬರೆದೆ. ಬಹಳ ನಿಧಾನವಾಯಿತು, ಒಂದು ದೊಡ್ಡ ಪ್ರಶ್ನೆ ಉಳಿದೇ ಹೋಯಿತು.

ಹೊರಗೆ ಬಂದಾಗ ತಮ್ಮ ಗೇಟಿನ ಬಳಿ ನಿಂತಿದ್ದ. ನನ್ನ ಹೆಜ್ಜೆ ಅವನಿಗೆ ಗೊತ್ತು.

"ಎಲ್ಲ ಬರೆದೆಯಾ?"

"ಒಂದು ಬಿಟ್ಟೆ."

"ಯಾವುದು?"

ಹೇಳಿದೆ. ಒಂದು ಕೈಯಲ್ಲಿ ನನ್ನ ಭುಜ ಹಿಡಿದು, ಇನ್ನೊಂದರಲ್ಲಿ ಜೇಬಿನ ಕಾಫಿಬೀಜ ಹೆಕ್ಕುತ್ತಾ, ನಡೆಯುತ್ತಲೇ ಅವನು ಅದರ ಉತ್ತರ ಶುರು ಮಾಡಿದ. ಪೇಟೆ ದಾಟಿದೆವು, ಬಸ್ಸು ಹತ್ತಿದೆವು, ಅವನು ಹೇಳುತ್ತಲೇ ಇದ್ದ, ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ. ಇನ್ನು ಹೇಳಿ ಏನು ಪ್ರಯೋಜನ ಎಂದು ನಾನು ಅನ್ನಲಿಲ್ಲ. ನಮ್ಮ ಸ್ಟಾಪು ಬಂದರೂ ಮುಗಿದಿರಲಿಲ್ಲ. ಇಳಿದು ಏರು ಹತ್ತುವಾಗ ಉಸಿರು ಕಟ್ಟಿತು ಅವನಿಗೆ. ನಿಂತ. "ಇರು, ಇನ್ನೂ ಉಂಟು" ಅಂದ.